ಪಾಯಿಂಟ್ ಟೂಟೂ ಕೋವಿಗೆ ಮೊದಲು ಬೇಕಾದದ್ದು ದುರ್ಬೀನಲ್ಲ

ಸಂಪಾದಕರಿಗೆ,

ಮಾನ್ಯರೇ,

ಕೊಡವರು ಆಯುಧಗಳನ್ನು ಪೂಜಿಸುವ ಕೈಲ್ ಪೊಳ್ದ್ ಹಬ್ಬಕ್ಕೆ ಇನ್ನು ಕೆಲವೇ ವಾರಗಳು ಉಳಿದಿವೆ. ಸೆಪ್ಟೆಂಬರ್ 3ರಂದು ಕೋವಿಗಳನ್ನು ಒರೆಸಿ, ದೀಪದ ಮುಂದೆ ಇಟ್ಟು, ನಳಿಗೆಯ ತುದಿಗೆ ತೋಕ್ ಪೂ (ಕೋವಿ ಹೂ) ಸಿಕ್ಕಿಸಿ ಪೂಜಿಸಿದ ನಂತರ ಕೊಡಗಿನ ಊರೂರುಗಳ ಮೈದಾನದಲ್ಲಿ ತೆಂಗಿನಕಾಯಿಗೆ ಗುಂಡು ಹೊಡೆಯುವ ಸ್ಪರ್ಧೆ ನಡೆಯುವುದು ತಮ್ಮ ಓದುಗರಿಗೆ ಗೊತ್ತೇ ಇದೆ. ಪ್ರತಿವರ್ಷ ಆಗಸ್ಟ್ ತಿಂಗಳಲ್ಲಿ ನಮ್ಮ ಕಡೆಯ ಕೆಲವು ಯುವಕ ಯುವತಿಯರು ತಮ್ಮ ಪಾಯಿಂಟ್ ಟೂಟೂ (0.22 ಅಂಗುಲ ಅಳತೆಯ) ರೈಫಲ್‌ಗಳನ್ನು ಹಿಡಿದು ನನ್ನ ಅಂಗಳಕ್ಕೆ ಬರುತ್ತಾರೆ. ಕೋವಿ ಹೊಸದಿರಲಿ, ಅಜ್ಜನ ಕಾಲದ್ದಿರಲಿ, ಅವರ ಪ್ರಶ್ನೆ ಮಾತ್ರ ಒಂದೇ: ಇದಕ್ಕೆ ಯಾವ ಸ್ಕೋಪ್, ಅಂದರೆ ಗುರಿ ನೋಡುವ ದುರ್ಬೀನು, ಹಾಕಿಸಬೇಕು? ಮೂವತ್ತು ವರ್ಷಗಳಿಂದ ಇದೇ ಅಳತೆಯ ಕೋವಿಯಲ್ಲಿ ಕಾಗದದ ಗುರಿಗೂ ಕಾಯಿಗೂ ಹೊಡೆಯುತ್ತ ಬಂದಿರುವ ನನಗೆ ಈ ಪ್ರಶ್ನೆಯೇ ತಲೆಕೆಳಗಾಗಿದೆ ಎನ್ನಿಸುವುದರಿಂದ, ಅದನ್ನು ಸ್ವಲ್ಪ ವಿವರವಾಗಿಯೇ ತಮ್ಮ ಪತ್ರಿಕೆಯ ಮೂಲಕ ಹೇಳಲು ಅವಕಾಶ ಕೋರುತ್ತೇನೆ.

ನನ್ನ ವಾದ ಇಷ್ಟು. ಹವ್ಯಾಸಕ್ಕೆ ಗುರಿ ಹೊಡೆಯುವವರು ಕೋವಿಯ ಮೇಲೆ ಮಾಡುವ ಖರ್ಚಿನ ಕ್ರಮ ಈಗ ಹಿಂದುಮುಂದಾಗಿದೆ. ದುರ್ಬೀನು ಮೊದಲು, ಅದರ ಹಿಂದೆ ಕೋವಿಯನ್ನು ಆನಿಸುವ ಮುಂಗಾಲು (ಬೈಪಾಡ್), ನಳಿಗೆಯ ತುದಿಗೆ ಒಂದು ಅಲಂಕಾರ, ಕೊನೆಗೆ ಹಣ ಉಳಿದರೆ ಕಾಡತೂಸು. ಇದು ಮೊದಲು ಕಾಡತೂಸು, ಆಮೇಲೆ ಮೈಗೆ ಹೊಂದುವ ಮರದ ಹಿಡಿ, ಆಮೇಲೆ ಟ್ರಿಗರ್ ಎಂದಾಗಬೇಕು. ದುರ್ಬೀನಿನ ಮಾತು ಬರುವುದಿದ್ದರೆ ಅದು ಕಟ್ಟಕಡೆಗೆ ಬರಲಿ.

ಈ ಕೋವಿಯ ಗುಣ ತಿಳಿಯದೆ ಅದನ್ನು ತಿದ್ದಲು ಹೊರಡುವುದು ವ್ಯರ್ಥವಾದ್ದರಿಂದ ಅದರ ಬಗ್ಗೆ ಎರಡು ಮಾತು. ನಳಿಗೆಯ ಒಳವ್ಯಾಸ ಸುಮಾರು 5.6 ಮಿಲಿಮೀಟರ್. ಇದರಲ್ಲಿ ಬಳಸುವ ‘ಲಾಂಗ್ ರೈಫಲ್’ ಕಾಡತೂಸು 1887ರಲ್ಲಿ ಅಮೆರಿಕದಲ್ಲಿ ಬಂದದ್ದು. ಅಂದಿನಿಂದ ಇಂದಿನವರೆಗೆ ಅದರ ಆಕಾರ ಹೆಚ್ಚೇನೂ ಬದಲಾಗಿಲ್ಲ. ಸೀಸದ ಗುಂಡಿನ ಸಾಮಾನ್ಯ ತೂಕ 40 ಗ್ರೇನ್, ಅಂದರೆ ಎರಡೂವರೆ ಗ್ರಾಂಗಿಂತ ತುಸು ಹೆಚ್ಚು. ಕಿಡಿ ಹೊತ್ತಿಸುವ ಮದ್ದು ಕಾಡತೂಸಿನ ಬುಡದ ನಡುವೆ ಇರದೆ ಸುತ್ತಲಿನ ಅಂಚಿನೊಳಗೆ ಇರುವುದರಿಂದ, ಕೋವಿಯ ಸೂಜಿ ಆ ಅಂಚಿಗೇ ಬಡಿಯುತ್ತದೆ. ಒದೆತ ಇಲ್ಲವೆನ್ನುವಷ್ಟು ಕಡಿಮೆ. ಸದ್ದು ಹನ್ನೆರಡನೇ ಬೋರಿನ ದೊಡ್ಡ ಬಂದೂಕಿನ ಮುಂದೆ ಏನೂ ಅಲ್ಲ. ಕಾಲೇಜಿನಲ್ಲಿ ಎನ್‌ಸಿಸಿ ಸೇರಿದ್ದವರು 25 ಗಜದ ದೂರದಲ್ಲಿ ಮಲಗಿ ‘ಗ್ರೂಪಿಂಗ್’ (ಗುಂಡುಗಳೆಲ್ಲ ಒಂದೇ ಕಡೆ ಒತ್ತಾಗಿ ಗುಂಪುಗೂಡಿ ಬೀಳುವಂತೆ) ಹೊಡೆದದ್ದು ಇದೇ ಕಾಡತೂಸಿನಲ್ಲಿ. 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಮಹಾರಾಷ್ಟ್ರದ ಸ್ವಪ್ನಿಲ್ ಕುಸಾಳೆ 50 ಮೀಟರ್ ರೈಫಲ್ ಮೂರು ಭಂಗಿಗಳ ಸ್ಪರ್ಧೆಯಲ್ಲಿ ಕಂಚು ಗೆದ್ದದ್ದೂ ಇದೇ ಅಳತೆಯ ಕೋವಿಯಲ್ಲಿ. ಆ ಸ್ಪರ್ಧೆಯಲ್ಲಿ ದೊಡ್ಡದಾಗಿ ತೋರಿಸುವ ದುರ್ಬೀನಿಗೆ ಅವಕಾಶವೇ ಇಲ್ಲ. 50 ಮೀಟರ್ ಆಚೆ ಇರುವ ಗುರಿಯ ಹತ್ತು ಅಂಕದ ವಲಯದ ವ್ಯಾಸ 10.4 ಮಿಲಿಮೀಟರ್, ಅದರ ಇಡೀ ಕಪ್ಪು ಭಾಗದ ವ್ಯಾಸ 112.4 ಮಿಲಿಮೀಟರ್. ನಮ್ಮ ತೋಟದ ಒಂದು ಸಾಧಾರಣ ಕಾಯಿ ಆ ಕಪ್ಪಿಗಿಂತ ದೊಡ್ಡದಿರುತ್ತದೆ. ಹಿಂದಿನ ಸಣ್ಣ ರಂಧ್ರದಿಂದ ಮುಂದಿನ ಉಂಗುರವನ್ನು ನೋಡಿ ಬಟನ್ನಿನಷ್ಟು ಜಾಗಕ್ಕೆ ಹೊಡೆಯುವವರು ಇರುವಾಗ, ಕಾಯಿಗೆ ಹೊಡೆಯಲು ಹದಿನಾರು ಪಟ್ಟು ಹಿಗ್ಗಿಸಿ ತೋರಿಸುವ ಗಾಜು ಏಕೆ ಬೇಕೆಂಬುದು ನನಗೆ ಅರ್ಥವಾಗಿಲ್ಲ.

ಕಾಯಿಗೂ ಕಾಗದಕ್ಕೂ ಒಂದು ವ್ಯತ್ಯಾಸವಿದೆ. ಕಾಯಿ ತಗುಲಿತೋ ಇಲ್ಲವೋ ಎಂಬುದನ್ನು ಮಾತ್ರ ಹೇಳುತ್ತದೆ. ತಪ್ಪಿದ ಗುಂಡು ಎಡಕ್ಕೆ ಹೋಯಿತೋ ಮೇಲಕ್ಕೆ ಹೋಯಿತೋ ಅದು ಹೇಳುವುದಿಲ್ಲ. ಆದ್ದರಿಂದ ಕೋವಿಯನ್ನು ಆರಿಸುವ, ಹೊಂದಿಸುವ ಕೆಲಸವೆಲ್ಲ ಕಾಗದದ ಮೇಲೆಯೇ ಆಗಬೇಕು.

ಕಾನೂನಿನ ವಿಷಯವನ್ನು ಚಿಕ್ಕದಾಗಿ ಮುಗಿಸುತ್ತೇನೆ. 1959ರ ಆಯುಧ ಕಾಯ್ದೆಯ 41ನೇ ಸೆಕ್ಷನ್ ಅಡಿ ಕೊಡವರಿಗೂ ಜಮ್ಮಾ (ಕೊಡಗಿನ ವಂಶಪಾರಂಪರ್ಯದ ಭೂಮಿ) ಹಿಡುವಳಿದಾರರಿಗೂ ದೊರೆತಿರುವ ವಿನಾಯಿತಿಯನ್ನು ಕೇಂದ್ರ ಸರ್ಕಾರ 2019ರಲ್ಲಿ ಹತ್ತು ವರ್ಷಗಳ ಮಟ್ಟಿಗೆ, 2029ರವರೆಗೆ ಮುಂದುವರಿಸಿದೆ. ಇದು ಕೋವಿ ಇಟ್ಟುಕೊಳ್ಳಲು ಪರವಾನಗಿ ಬೇಕಿಲ್ಲವೆಂಬ ವಿನಾಯಿತಿಯೇ ಹೊರತು ಕೋವಿಯನ್ನು ಮನಬಂದಂತೆ ಬದಲಿಸಬಹುದೆಂಬ ಅನುಮತಿಯಲ್ಲ. ನಳಿಗೆಯನ್ನು ಕತ್ತರಿಸಿ ಮೋಟು ಮಾಡುವುದನ್ನೂ ಒಂದು ಬಗೆಯ ಆಯುಧವನ್ನು ಇನ್ನೊಂದು ಬಗೆಗೆ ಪರಿವರ್ತಿಸುವುದನ್ನೂ ಪರವಾನಗಿಯಿಲ್ಲದೆ ಮಾಡಬಾರದೆಂದು ಅದೇ ಕಾಯ್ದೆಯ 6ನೇ ಸೆಕ್ಷನ್ ಹೇಳುತ್ತದೆ. ಕೋವಿ ರಿಪೇರಿಯ ಕೆಲಸವನ್ನು ಅದಕ್ಕೆ ಪರವಾನಗಿ ಇರುವವರೇ ಮಾಡಬೇಕು. ಅಮೆರಿಕದಲ್ಲಿರುವ ನಮ್ಮ ಬಂಧುಗಳು ಕಳುಹಿಸುವ ವಿಡಿಯೊಗಳಲ್ಲಿ, 1964ರಿಂದ ತಯಾರಾಗುತ್ತಿರುವ ರೂಗರ್ 10/22 ಎಂಬ ರೈಫಲ್‌ನ ನಳಿಗೆ, ಟ್ರಿಗರ್, ಹಿಡಿ ಎಲ್ಲವನ್ನೂ ಮೇಜಿನ ಮೇಲೆ ಬಿಚ್ಚಿ ಹೊಸದು ಜೋಡಿಸುವುದನ್ನು ನೋಡಿ ನಮ್ಮ ಹುಡುಗರ ಕೈ ತುರಿಸುತ್ತದೆ. ಅಲ್ಲಿಯ ಕಾನೂನು ಬೇರೆ, ಅಲ್ಲಿಯ ಅಂಗಡಿಯೂ ಬೇರೆ; ಆ ವಿಡಿಯೊಗಳಿಂದ ಇಲ್ಲಿಗೆ ತರಬಹುದಾದದ್ದು ಹೆಚ್ಚಿಲ್ಲ.

ಇನ್ನು ಆಯ್ಕೆಯ ಮಾತು. ಹೊಸದನ್ನು ಕೊಳ್ಳುವವರು ಬೋಲ್ಟ್ ಎಳೆದು ಒಂದೊಂದೇ ಗುಂಡು ತುಂಬುವ ಅಥವಾ ಐದು ಗುಂಡಿನ ಮ್ಯಾಗಜೀನ್ ಇರುವ ಸಾದಾ ರೈಫಲ್ ಕೊಂಡರೆ ಸಾಕೆಂಬುದು ನನ್ನ ಅಭಿಪ್ರಾಯ. ಜರ್ಮನಿಯ ಆನ್‌ಶುಟ್ಜ್, ಚೆಕ್ ದೇಶದ ಸಿಜೆಡ್‌ನಂಥ ಹೆಸರುಗಳನ್ನು ಕೇಳಿ ಆಸೆಪಡುವುದು ಸಹಜ. ಅವು ಒಳ್ಳೆಯ ಕೋವಿಗಳೂ ಹೌದು. ಆದರೆ ಹಬ್ಬದ ಗುರಿಗೂ ಭಾನುವಾರದ ಅಭ್ಯಾಸಕ್ಕೂ ನಮ್ಮ ದೇಶದ ಆಯುಧ ಕಾರ್ಖಾನೆಯ ರೈಫಲ್ ಅಥವಾ ಮನೆಯಲ್ಲೇ ಇರುವ ಹಳೆಯ ಕೋವಿ ಸಾಲದೆಂದು ಪರೀಕ್ಷಿಸಿ ನೋಡುವ ಮೊದಲೇ ತೀರ್ಮಾನಿಸಬಾರದು.

ಹಳೆಯ ಕೋವಿಯನ್ನು ಪರೀಕ್ಷಿಸುವಾಗ ನಾನು ನೋಡುವ ಜಾಗಗಳು ಎರಡು. ಒಂದು, ನಳಿಗೆಯ ಬಾಯಿ. ತಲೆಮಾರುಗಳ ಕಾಲ ಉಕ್ಕಿನ ಸರಳನ್ನು ಬಾಯಿಯ ಕಡೆಯಿಂದ ತುರುಕಿ ಉಜ್ಜಿದ ಕೋವಿಗಳಲ್ಲಿ ಅಲ್ಲಿಯ ಅಂಚು ಒಂದು ಕಡೆ ಸವೆದಿರುತ್ತದೆ. ಗುಂಡು ಕೋವಿಯನ್ನು ಬಿಡುವ ಕೊನೆಯ ಕ್ಷಣದಲ್ಲಿ ಸುಟ್ಟ ಮದ್ದಿನ ಅನಿಲ ಒಂದು ಪಕ್ಕದಿಂದ ಮೊದಲು ನುಗ್ಗಿ ಅದನ್ನು ಓಲಾಡಿಸುತ್ತದೆ. ಎರಡು, ಕಾಡತೂಸು ಕೂರುವ ಗೂಡಿನ ಅಂಚು. ಖಾಲಿ ಕೋವಿಯ ಟ್ರಿಗರನ್ನು ಮಕ್ಕಳು ‘ಟಕ್ ಟಕ್’ ಎಂದು ಎಳೆಯುತ್ತ ಕೂತರೆ, ಬೇರೆ ಕೋವಿಗಳಲ್ಲಿ ಹೆಚ್ಚು ಹಾನಿಯಾಗದೆ ಇರಬಹುದು. ಪಾಯಿಂಟ್ ಟೂಟೂವಿನ ಅನೇಕ ಹಳೆಯ ಮಾದರಿಗಳಲ್ಲಿ ಮಾತ್ರ ಸೂಜಿ ನೇರವಾಗಿ ಗೂಡಿನ ಅಂಚಿನ ಲೋಹಕ್ಕೇ ಬಡಿದು ತಗ್ಗು ಮಾಡುತ್ತದೆ. ಆಮೇಲೆ ಕಾಡತೂಸು ಸಿಕ್ಕಿಕೊಳ್ಳುವುದು, ಹೊತ್ತದೆ ಉಳಿಯುವುದು ಶುರುವಾಗುತ್ತದೆ. ಇವೆರಡೂ ಸರಿಯಿದ್ದು, ನಳಿಗೆಯೊಳಗೆ ತುಕ್ಕಿನ ಗುಳಿಗಳು ಕಾಣದಿದ್ದರೆ, ಆ ಕೋವಿಗೆ ಎಷ್ಟೇ ವಯಸ್ಸಾಗಿರಲಿ, ಅದನ್ನು ಮೂಲೆಗೆ ಒರಗಿಸುವ ಮೊದಲು ಐವತ್ತು ಗುಂಡು ಹೊಡೆದು ನೋಡುವುದು ಒಳ್ಳೆಯದು.

ಆ ಐವತ್ತು ಗುಂಡುಗಳು ಯಾವುವೆಂಬುದರಲ್ಲಿಯೇ ಅರ್ಧ ಗುಟ್ಟು ಇದೆ. ಅಂಗಡಿಯಲ್ಲಿ ಸಿಗುವ ‘ಹೈ ವೆಲಾಸಿಟಿ’ ಕಾಡತೂಸು ಹೆಸರಿನಿಂದಲೇ ಹೆಚ್ಚು ಚೆನ್ನಾಗಿ ಹೊಡೆಯುವಂತೆ ಕಾಣುತ್ತದೆ. ಅದರ ಗುಂಡು ಸೆಕೆಂಡಿಗೆ ಸುಮಾರು 380 ಮೀಟರ್ ವೇಗದಲ್ಲಿ ಹೊರಡುತ್ತದೆ. ಸಾದಾ ಅಥವಾ ಸ್ಪರ್ಧೆಯ ಕಾಡತೂಸಿನದು ಸುಮಾರು 325 ಮೀಟರ್. ಶಬ್ದದ ವೇಗ ಸೆಕೆಂಡಿಗೆ ಸುಮಾರು 340 ಮೀಟರ್ ಎಂಬುದನ್ನು ನೆನಪಿಸಿಕೊಂಡರೆ ವಿಷಯ ಸ್ಪಷ್ಟವಾಗುತ್ತದೆ. ವೇಗದ ಗುಂಡು ಶಬ್ದಕ್ಕಿಂತ ಮುಂದಾಗಿ ಹೊರಟು, ದಾರಿಯಲ್ಲಿ ವೇಗ ಕಳೆದುಕೊಂಡು ಶಬ್ದದ ವೇಗವನ್ನು ಕೆಳಮುಖವಾಗಿ ದಾಟುವಾಗ ಗಾಳಿಯ ಹೊಡೆತಕ್ಕೆ ಸಿಕ್ಕಿ ಅಸ್ಥಿರವಾಗುತ್ತದೆ. ಮೊದಲೇ ಶಬ್ದಕ್ಕಿಂತ ನಿಧಾನವಾಗಿ ಹೊರಟ ಗುಂಡಿಗೆ ಈ ತೊಂದರೆ ಇಲ್ಲ. ಇನ್ನೂ ಆಶ್ಚರ್ಯದ ಸಂಗತಿ ಅಡ್ಡಗಾಳಿಯದು. ಬೇಗ ಹೋಗುವ ಗುಂಡನ್ನು ಗಾಳಿ ಕಡಿಮೆ ತಳ್ಳುತ್ತದೆಂದು ನಾವೆಲ್ಲ ನಂಬುತ್ತೇವೆ. ವಾಸ್ತವದಲ್ಲಿ ಗಾಳಿ ಗುಂಡನ್ನು ಎಷ್ಟು ಸರಿಸುತ್ತದೆ ಎಂಬುದು ಅದು ಹಾದಿಯಲ್ಲಿ ಎಷ್ಟು ವೇಗ ಕಳೆದುಕೊಂಡಿತು ಎಂಬುದನ್ನು ಅವಲಂಬಿಸಿರುತ್ತದೆ; ಶಬ್ದದ ವೇಗದ ಆಸುಪಾಸಿನಲ್ಲಿ ಗಾಳಿಯ ತಡೆ ವಿಪರೀತವಾಗಿರುವುದರಿಂದ, ಈ ಅಳತೆಯ ಕೋವಿಯಲ್ಲಿ ವೇಗದ ಗುಂಡೇ ಸಾದಾ ಗುಂಡಿಗಿಂತ ಹೆಚ್ಚು ಪಕ್ಕಕ್ಕೆ ಸರಿಯುತ್ತದೆ. ಗಂಟೆಗೆ ಹದಿನಾರು ಕಿಲೋಮೀಟರ್ ವೇಗದ ಅಡ್ಡಗಾಳಿ ಬೀಸುತ್ತಿದ್ದರೆ 50 ಮೀಟರ್ ದೂರದಲ್ಲಿ ಸಾದಾ ಗುಂಡು ಕೂಡ ಎರಡು ಸೆಂಟಿಮೀಟರ್‌ಗೂ ಹೆಚ್ಚು ಪಕ್ಕಕ್ಕೆ ಹೋಗುತ್ತದೆ. ಕಾಯಿಯ ನಡುವಿಗೆ ಗುರಿಯಿಟ್ಟವರಿಗೆ ಅದು ಲೆಕ್ಕಕ್ಕಿಲ್ಲ. ಕಾಗದದ ಹತ್ತರ ವಲಯ ಹುಡುಕುವವರಿಗೆ ಅಷ್ಟೇ ಸಾಕು ಕೆಡಲು.

ಒಂದೇ ಕಂಪನಿಯ ಒಂದೇ ಹೆಸರಿನ ಕಾಡತೂಸೂ ಎಲ್ಲ ಕೋವಿಗಳಿಗೆ ಒಗ್ಗುವುದಿಲ್ಲ. ನನ್ನದಕ್ಕೆ ಒಗ್ಗಿದ್ದು ನೆರೆಯವರ ಅದೇ ಮಾದರಿಯ ಕೋವಿಗೆ ಒಗ್ಗಿಲ್ಲ. ಡಬ್ಬಿಯ ಮೇಲೆ ಮುದ್ರಿಸಿರುವ ಲಾಟ್ (ಒಟ್ಟಿಗೆ ತಯಾರಾದ ಕಂತಿನ) ಸಂಖ್ಯೆ ಬದಲಾದರೆ ಕಾಗದದ ಮೇಲಿನ ಗುಂಡುಗಳ ಗುಂಪೂ ಬದಲಾಗುವುದುಂಟು. ಹಾಗಾಗಿ ಬೇರೆ ಬೇರೆ ಬಗೆಯ ಐವತ್ತರ ಒಂದೊಂದು ಡಬ್ಬಿ ತಂದು, ಮರಳಿನ ಚೀಲದ ಮೇಲೆ ಕೋವಿ ಇಟ್ಟು, ಗಾಳಿಯಿಲ್ಲದ ಬೆಳಗಿನ ಹೊತ್ತಿನಲ್ಲಿ ಪ್ರತಿಯೊಂದರಿಂದಲೂ ಐದು ಗುಂಡುಗಳ ಐದು ಗುಂಪು ಹೊಡೆದು, ಕಾಗದದ ಮೇಲೆಯೇ ದಿನಾಂಕ ಮತ್ತು ಲಾಟ್ ಸಂಖ್ಯೆ ಬರೆದಿಡಬೇಕು. ಮೂರೇ ಗುಂಡು ಹೊಡೆದು ‘ಒಂದೇ ತೂತು’ ಎಂದು ಫೋಟೊ ಕಳುಹಿಸುವವರ ಮಾತನ್ನು ನಾನು ಗಣನೆಗೆ ತೆಗೆದುಕೊಳ್ಳುವುದಿಲ್ಲ; ಮೂರು ಗುಂಡು ಅದೃಷ್ಟಕ್ಕೂ ಒಟ್ಟಿಗೆ ಬೀಳುತ್ತವೆ. ಯಾವುದು ಚೆನ್ನಾಗಿ ಬಂತೋ ಅದೇ ಲಾಟ್‌ನಿಂದ ಕಾನೂನು ಅನುಮತಿಸುವ ಮಿತಿಯೊಳಗೆ ವರ್ಷಕ್ಕೆ ಬೇಕಾದಷ್ಟನ್ನು ಒಮ್ಮೆಗೇ ಕೊಂಡಿಟ್ಟುಕೊಳ್ಳಬೇಕು. ದುರ್ಬೀನಿಗೆ ಕೊಡುವ ಹಣದ ಕಾಲುಭಾಗವನ್ನು ಈ ಒಂದು ಬೆಳಗಿಗೆ ಖರ್ಚು ಮಾಡಿದವರು ಆಮೇಲೆ ದುರ್ಬೀನಿನ ಮಾತು ಎತ್ತದೆ ಹೋದದ್ದನ್ನು ನಾನು ನೋಡಿದ್ದೇನೆ.

ಮರದ ಹಿಡಿಯ ವಿಷಯಕ್ಕೆ ಬರುತ್ತೇನೆ. ಇದರಲ್ಲಿ ನನ್ನ ಅಣ್ಣನ ಮಗಳ ಉದಾಹರಣೆ ಕೊಡದೆ ವಿಧಿಯಿಲ್ಲ. ಅವಳಿಗೆ ಆಗ ಇಪ್ಪತ್ತಮೂರು ವರ್ಷ. ಆರಡಿ ಎತ್ತರವಿದ್ದ ಅವಳ ತಾಯಿಯ ತಂದೆಯ ರೈಫಲ್ ಕ್ರಮಬದ್ಧವಾಗಿ ಅವಳ ಹೆಸರಿಗೆ ಬಂದಿತ್ತು. ಅವಳ ಎತ್ತರ ಐದಡಿ ಎರಡಂಗುಲ. ಕೋವಿಯ ಬಟ್ಟನ್ನು (ಹಿಡಿಯ ಹಿಂತುದಿಯನ್ನು) ಭುಜಕ್ಕೆ ಇಟ್ಟರೆ ಬೆರಳು ಟ್ರಿಗರಿಗೆ ಎಟಕಲು ಅವಳು ಬೆನ್ನನ್ನು ಹಿಂದಕ್ಕೆ ಬಾಗಿಸಬೇಕು, ಕತ್ತನ್ನು ಮುಂದಕ್ಕೆ ಚಾಚಬೇಕು. ಹತ್ತು ಸೆಕೆಂಡಿಗೆ ತೋಳು ನಡುಗುತ್ತಿತ್ತು. ಎರಡು ವರ್ಷ ಒಂದೂ ಕಾಯಿ ಬೀಳಲಿಲ್ಲ. ‘ನನಗೆ ಕಣ್ಣೇ ಸರಿಯಿಲ್ಲ ಅನ್ನಿಸುತ್ತೆ ಚಿಕ್ಕಪ್ಪ, ಸ್ಕೋಪ್ ಹಾಕಿಸಿಕೊಡಿ’ ಎಂದು ಬಂದಳು. ನಾನು ಅವಳ ಮೊಣಕೈಯನ್ನು ಸಮಕೋನಕ್ಕೆ ಮಡಿಸಿ, ಬಟ್ಟನ್ನು ತೋಳಿನ ಮಡಿಕೆಗೆ ಒತ್ತಿ ನೋಡಿದೆ. ತೋರುಬೆರಳಿನ ಮೊದಲ ಗೆಣ್ಣು ಟ್ರಿಗರಿನ ಮೇಲೆ ಬರಬೇಕಾದಲ್ಲಿ ಬೆರಳ ತುದಿ ಟ್ರಿಗರಿನ ಕಾವಲು ಕಂಬಿಯನ್ನೂ ಮುಟ್ಟುತ್ತಿರಲಿಲ್ಲ. ಊರಿನ ಬಡಗಿಯೊಬ್ಬರು ಬಟ್ಟಿನ ತಗಡನ್ನು ಬಿಚ್ಚಿ, ಹಿಂದಿನಿಂದ ಮೂರು ಸೆಂಟಿಮೀಟರ್ ಮರವನ್ನು ಕೊಯ್ದು, ಮತ್ತೆ ತಗಡು ಕೂರಿಸಿಕೊಟ್ಟರು. ‘ಕೋವಿ ಕತ್ತರಿಸಿದರೆ ಕೇಸಾಗುವುದಿಲ್ಲವೇ’ ಎಂದು ಅವರು ಮೊದಲು ಹೆದರಿದ್ದರು. ಕಾಯ್ದೆ ಹೇಳುವುದು ನಳಿಗೆಯ ವಿಷಯವೆಂದೂ ನಾವು ಕೊಯ್ಯುತ್ತಿರುವುದು ಹಿಂದಿನ ಮರವೆಂದೂ ವಿವರಿಸಿದ ಮೇಲೆ ಗರಗಸ ಹಿಡಿದರು. ಆ ವರ್ಷ ಅವಳು ಕೋವಿಯ ಹಳೆಯ ಸೈಟಿನಲ್ಲೇ (ಗುರಿ ಹಿಡಿಯುವ ಕಚ್ಚು, ಮೊನೆಗಳಲ್ಲೇ), ಅದೇ ಕಣ್ಣಿನಲ್ಲೇ, ಮೂರರಲ್ಲಿ ಎರಡು ಕಾಯಿ ಹೊಡೆದಳು. ಕೊಯ್ದ ತುಂಡನ್ನು ಎರಡು ತಿರುಪಿನ ತೂತುಗಳ ಸಮೇತ ನನ್ನ ಕಪಾಟಿನಲ್ಲಿ ಇಟ್ಟಿದ್ದೇನೆ. ಮುಂದೆ ಆ ಕೋವಿ ಎತ್ತರದವರ ಕೈಗೆ ಹೋದರೆ ಬೇಕಾದೀತು.

ಉದ್ದದಂತೆಯೇ ಕೆನ್ನೆಯ ಎತ್ತರವೂ ಮುಖ್ಯ. ತಲೆಯನ್ನು ಹಿಡಿಯ ಮೇಲೆ ನಿರಾಳವಾಗಿ ಇಟ್ಟು ಕಣ್ಣು ಮುಚ್ಚಿ ತೆರೆದಾಗ ಸೈಟು ತಾನಾಗಿ ಕಣ್ಣಿನ ನೇರಕ್ಕೆ ಬಂದಿರಬೇಕು. ಹಳೆಯ ಕೋವಿಗಳ ಹಿಡಿಯನ್ನು ತಗ್ಗಾದ ತೆರೆದ ಸೈಟಿಗೆ ಹೊಂದುವಂತೆ ಇಳಿಜಾರಾಗಿ ಕಡೆದಿರುತ್ತಾರೆ. ಅದರ ಮೇಲೆ ಎರಡು ಅಂಗುಲ ಎತ್ತರದಲ್ಲಿ ದುರ್ಬೀನು ಕೂರಿಸಿದರೆ ಕೆನ್ನೆ ಗಾಳಿಯಲ್ಲಿ ತೇಲುತ್ತದೆ, ಗದ್ದ ಮಾತ್ರ ಮರಕ್ಕೆ ತಾಗುತ್ತದೆ. ಪ್ರತಿ ಸಲವೂ ಕಣ್ಣು ಬೇರೆ ಜಾಗದಲ್ಲಿರುತ್ತದೆ. ಇದಕ್ಕೆ ವಿದೇಶಿ ಹಿಡಿಯೇನೂ ಬೇಡ. ಹಳೆಯ ಕಂಬಳಿಯ ಪಟ್ಟಿಗಳನ್ನು ಮಡಿಸಿ ಅಂಟುಪಟ್ಟಿಯಿಂದ ಸುತ್ತಿ, ಹೊಡೆಯುತ್ತ ಹೊಡೆಯುತ್ತ ಒಂದೊಂದೇ ಪದರ ತೆಗೆದರೆ ನಮ್ಮ ಮುಖಕ್ಕೆ ಬೇಕಾದ ಎತ್ತರ ಸಿಕ್ಕಿಬಿಡುತ್ತದೆ. ನೋಡಲು ಚಂದವಿಲ್ಲ, ನಿಜ.

ಮರದ ಬಗ್ಗೆ ಇನ್ನೊಂದು ಮಾತು, ಇದು ಕೊಡಗಿನವರಿಗೇ ವಿಶೇಷವಾಗಿ ಅನ್ವಯಿಸುವಂಥದ್ದು. ನಮ್ಮಲ್ಲಿ ಹೆಚ್ಚಿನವರು ಕೋವಿಯ ಸೈಟನ್ನು ಕಾಫಿ ಕೊಯ್ಲು ಮುಗಿದ ಬಿಡುವಿನಲ್ಲಿ, ಫೆಬ್ರುವರಿ ಮಾರ್ಚ್ ತಿಂಗಳ ಒಣಹವೆಯಲ್ಲಿ ಹೊಂದಿಸುತ್ತಾರೆ. ಆಮೇಲೆ ಜೂನ್, ಜುಲೈ, ಆಗಸ್ಟ್ ತಿಂಗಳ ಮಳೆ. ಗೋಡೆಗೆ ಬೂಷ್ಟು ಹಿಡಿಯುವ ಆ ಮೂರು ತಿಂಗಳಲ್ಲಿ ಮರ ತೇವ ಕುಡಿದು ಉಬ್ಬುತ್ತದೆ. ಬೇಸಗೆಯಲ್ಲಿ ನಳಿಗೆಗೂ ಮರಕ್ಕೂ ನಡುವೆ ಇದ್ದ ಕೂದಲೆಳೆಯ ಅಂತರ ಮುಚ್ಚಿಹೋಗಿ, ಮರ ನಳಿಗೆಯನ್ನು ಒಂದು ಪಕ್ಕದಿಂದ ಒತ್ತಲು ತೊಡಗುತ್ತದೆ. ಸೆಪ್ಟೆಂಬರ್ 3ರಂದು ಕೋವಿ ಎತ್ತಿದವರಿಗೆ ಮಾರ್ಚ್ ತಿಂಗಳ ಗುರಿ ಸಿಗುವುದಿಲ್ಲ. ‘ಕೋವಿಗೆ ದೃಷ್ಟಿ ತಾಗಿದೆ’ ಎನ್ನುವವರನ್ನೂ ಕೇಳಿದ್ದೇನೆ. ಒಂದು ನೋಟನ್ನು ನಳಿಗೆಯ ಕೆಳಗೆ ತೂರಿಸಿ ಹಿಂದಕ್ಕೆ ಎಳೆದು ನೋಡಿದರೆ ಎಲ್ಲಿ ಸಿಕ್ಕಿಕೊಳ್ಳುತ್ತದೆಂದು ತಿಳಿಯುತ್ತದೆ. ನಳಿಗೆ ಮರಕ್ಕೆ ತಾಗದಂತೆ ತಯಾರಾದ ಕೋವಿಯಾಗಿದ್ದರೆ, ಉಪ್ಪುಕಾಗದವನ್ನು ಒಂದು ದುಂಡುಕೋಲಿಗೆ ಸುತ್ತಿ ಅಲ್ಲಿಯಷ್ಟೇ ಮರವನ್ನು ಮೆಲ್ಲಗೆ ಸವರಿ, ಒಣಗಿದ ದಿನ ನೋಡಿಕೊಂಡು ಒಳಮೈಗೂ ವಾರ್ನಿಶ್ ಬಳಿದರೆ ಆಯಿತು. ಕೆಲವು ಕೋವಿಗಳಲ್ಲಿ ಮರ ತುದಿಯಲ್ಲಿ ನಳಿಗೆಗೆ ಆತುಕೊಳ್ಳುವಂತೆ ಬೇಕೆಂದೇ ಮಾಡಿರುತ್ತಾರಾದ್ದರಿಂದ ತಿಳಿದವರನ್ನು ಕೇಳದೆ ಸವರಬಾರದು. ನಳಿಗೆಯನ್ನು ಮರಕ್ಕೆ ಹಿಡಿದಿಡುವ ತಿರುಪುಗಳನ್ನು ಮಳೆಗಾಲದ ನಂತರ ಒಮ್ಮೆ ಪರೀಕ್ಷಿಸಿ, ಪ್ರತಿ ಸಲವೂ ಒಂದೇ ಬಿಗಿತಕ್ಕೆ ತಿರುಗಿಸುವುದು ಇದಕ್ಕಿಂತ ಸುಲಭದ ಕೆಲಸ. ತಿರುಪು ಸಡಿಲಾದ ಕೋವಿಗೆ ದುರ್ಬೀನು ಹಾಕಿಸಿದವರನ್ನು ಬಲ್ಲೆ, ಅವರ ಊರು ಬೇಡ.

ಮಳೆಗಾಲದ ಭಯದಿಂದ ನಳಿಗೆಯನ್ನು ಅತಿಯಾಗಿ ಉಜ್ಜುವುದೂ ತಪ್ಪು. ಈ ಗುಂಡಿನ ಮೇಲಿರುವ ಮೇಣ ಅಥವಾ ಜಿಡ್ಡಿನ ಲೇಪ ನಳಿಗೆಯ ಒಳಮೈಗೆ ಅಂಟಿ ಒಂದು ಸಮಸ್ಥಿತಿಗೆ ಬಂದ ಮೇಲೆಯೇ ಗುಂಪು ಕೂಡಿಕೊಳ್ಳುತ್ತದೆ. ಪೂಜೆಗೆಂದು ಹಿಂದಿನ ದಿನ ಫಳಫಳ ಹೊಳೆಯುವಂತೆ ಒರೆಸಿ ಎಣ್ಣೆ ಹಚ್ಚಿದ ಕೋವಿಯ ಮೊದಲ ಹಲವು ಗುಂಡುಗಳು ಎಲ್ಲೆಲ್ಲೋ ಬೀಳುವುದು ಇದೇ ಕಾರಣಕ್ಕೆ. ಹೊರಮೈಗೆ ಎಣ್ಣೆ ಬೇಕು; ಒಳಗಿನ ಎಣ್ಣೆಯನ್ನು ಹೊಡೆಯುವ ಮೊದಲು ಒಣಬಟ್ಟೆಯಿಂದ ತೆಗೆದು, ಸ್ಪರ್ಧೆಯ ಮೊದಲು ಸುರಕ್ಷಿತ ಜಾಗದಲ್ಲಿ ಹತ್ತು ಗುಂಡಾದರೂ ಹಾರಿಸಿರಬೇಕು.

ಟ್ರಿಗರಿನ ಬಗ್ಗೆ ಎಚ್ಚರಿಕೆಯಿಂದ ಬರೆಯುತ್ತೇನೆ. ಮೂರು ಕಿಲೋ ತೂಕದ ಕೋವಿಯ ಟ್ರಿಗರು ಮೂರು ಕಿಲೋ ಎಳೆತ ಕೇಳಿದರೆ ಕೋವಿಯೇ ಅಲುಗುವುದು ಸ್ವಾಭಾವಿಕ. ಹಗುರಾದ ಟ್ರಿಗರಿಗಿಂತಲೂ ಮರಳಿನಲ್ಲಿ ಎಳೆದಂತಾಗದೆ ಒಮ್ಮೆಗೇ, ಪ್ರತಿ ಸಲ ಒಂದೇ ತೂಕಕ್ಕೆ ಬಿಡುವ ಟ್ರಿಗರು ಹೆಚ್ಚು ಉಪಯುಕ್ತ. ಹವ್ಯಾಸಿಗಳಿಗೆ ಒಂದರಿಂದ ಒಂದೂವರೆ ಕಿಲೋ ಎಳೆತ ಧಾರಾಳವಾಯಿತು. ಒಲಿಂಪಿಕ್ಸ್ ರೈಫಲ್‌ಗಳ ಟ್ರಿಗರು ಉಸಿರು ತಾಗಿದರೆ ಬಿಡುವಷ್ಟು ಹಗುರವಾಗಿರುವುದು ಆ ಅಂಕಣದ ಶಿಸ್ತಿಗೆ ಸರಿ, ಜನ ಸೇರುವ ಹಬ್ಬದ ಮೈದಾನಕ್ಕಲ್ಲ. ಕೆಲವು ರೈಫಲ್‌ಗಳಲ್ಲಿ ಎಳೆತ ಹೊಂದಿಸಲು ತಯಾರಕರೇ ತಿರುಪು ಇಟ್ಟಿರುತ್ತಾರೆ. ಅವರು ಹೇಳಿದ ಮಿತಿಯೊಳಗೆ ಅದನ್ನು ಬಳಸಬಹುದು. ಆ ಸೌಲಭ್ಯವಿಲ್ಲದ ಕೋವಿಯ ಒಳಗಿನ ಕೊಂಡಿಯನ್ನು ಅರದಿಂದ ಉಜ್ಜಿ ಹಗುರ ಮಾಡಿಕೊಡುತ್ತೇವೆನ್ನುವವರ ಹತ್ತಿರ ಹೋಗಬೇಡಿ. ಅಲ್ಲಿಯ ಗಡಸು ಪದರ ತೆಳ್ಳಗಿರುತ್ತದೆ. ಅದು ಹೋದರೆ ಬಟ್ಟು ನೆಲಕ್ಕೆ ತಾಗಿದ ಸದ್ದಿಗೇ ಕೋವಿ ಹಾರಬಹುದು. ಪರವಾನಗಿ ಇರುವ ಕೋವಿ ರಿಪೇರಿಯವರಿಂದ ಕೆಲಸ ಮಾಡಿಸಿದ ಮೇಲೂ, ಕೋವಿ ಖಾಲಿ ಇದೆಯೆಂದು ಕಣ್ಣಿನಿಂದಲೂ ಬೆರಳಿನಿಂದಲೂ ಎರಡೆರಡು ಬಾರಿ ನೋಡಿ, ಬೋಲ್ಟ್ ಎಳೆದು ಮುಚ್ಚಿ, ಬಟ್ಟನ್ನು ರಬ್ಬರ್ ಚಾಪೆಯ ಮೇಲೆ ತಟ್ಟಿ ಸೂಜಿ ತಾನಾಗಿ ಬೀಳುವುದಿಲ್ಲವೆಂದು ಖಚಿತಪಡಿಸಿಕೊಳ್ಳಬೇಕು.

ಇಷ್ಟಾದ ಮೇಲೆ ಸೈಟು. ನನ್ನ ಪ್ರಾಯದವರಿಗೆ ಹಿಂದಿನ ಸೈಟು, ಮುಂದಿನ ಸೈಟು, ಗುರಿ ಮೂರೂ ಒಮ್ಮೆಗೆ ಸ್ಪಷ್ಟವಾಗಿ ಕಾಣುವುದಿಲ್ಲವೆಂಬುದನ್ನು ಒಪ್ಪುತ್ತೇನೆ. ಹಿಂದಿನ ಕಚ್ಚಿನ ಸೈಟನ್ನು ತೆಗೆದು ಸಣ್ಣ ರಂಧ್ರದ ಪೀಪ್ ಸೈಟನ್ನು ಕಣ್ಣಿನ ಹತ್ತಿರಕ್ಕೆ ಕೂರಿಸಿಕೊಂಡರೆ ಈ ತೊಂದರೆ ಬಹುಪಾಲು ನೀಗುತ್ತದೆ. ಸಣ್ಣ ರಂಧ್ರದ ಮೂಲಕ ನೋಡಿದಾಗ ದೂರದ್ದೂ ಹತ್ತಿರದ್ದೂ ಒಟ್ಟಿಗೆ ತಿಳಿಯಾಗುತ್ತವೆ. ದುರ್ಬೀನನ್ನೇ ಹಾಕುವುದಾದರೆ ನಾಲ್ಕು ಪಟ್ಟಿನದು ಸಾಕು. ಅದಕ್ಕಿಂತ ಹೆಚ್ಚು ಹಿಗ್ಗಿಸಿದರೆ ಗುರಿಯ ಜೊತೆಗೆ ನಮ್ಮ ಕೈನಡುಕವೂ ಹಿಗ್ಗಿ ಕಂಡು, ನಿಂತು ಹೊಡೆಯುವವರು ಅಡ್ಡಗೆರೆ ಕಾಯಿಯ ಮೇಲೆ ಹಾದುಹೋಗುವ ಗಳಿಗೆಗೆ ಕಾದು ಟ್ರಿಗರನ್ನು ಜಗ್ಗಿಬಿಡುತ್ತಾರೆ. ಕೊಳ್ಳುವಾಗ ಒಂದು ವಿಷಯ ಕೇಳಿಕೊಳ್ಳಿ: ದೊಡ್ಡ ರೈಫಲ್‌ಗಳಿಗೆಂದು ಮಾಡಿದ ದುರ್ಬೀನುಗಳ ಗಾಜನ್ನು ಸಾಮಾನ್ಯವಾಗಿ 100 ಗಜಕ್ಕೂ ಪಾಯಿಂಟ್ ಟೂಟೂಗೆಂದೇ ಮಾಡಿದವುಗಳನ್ನು 50 ಗಜಕ್ಕೂ ಹೊಂದಿಸಿರುತ್ತಾರೆ. ಮೊದಲನೆಯದನ್ನು ತಂದು ಹತ್ತಿರದ ಕಾಯಿಗೆ ಹಿಡಿದರೆ, ಕೋವಿ ಅಲುಗದಿದ್ದರೂ ಕಣ್ಣು ಸ್ವಲ್ಪ ಸರಿದ ಮಾತ್ರಕ್ಕೆ ಅಡ್ಡಗೆರೆ ಗುರಿಯ ಮೇಲೆ ಸರಿದಾಡುತ್ತದೆ. ಒದೆತವೇ ಇಲ್ಲದ ಕೋವಿಯ ಬಾಯಿಗೆ ಒದೆತ ತಗ್ಗಿಸುವ ಬ್ರೇಕ್ ಹಾಕಿಸುವವರ ಬಗ್ಗೆ ನಾನು ಏನನ್ನೂ ಹೇಳುವುದಿಲ್ಲ.

ವಿನಾಯಿತಿ ಇಲ್ಲದ, ಪರವಾನಗಿಯ ಓಡಾಟ ಬೇಡವೆನ್ನುವ ಮೈಸೂರು, ಬೆಂಗಳೂರಿನ ಓದುಗರಿಗೆ 4.5 ಮಿಲಿಮೀಟರ್ ಏರ್ ರೈಫಲ್ ಇದೆ. 2016ರ ಆಯುಧ ನಿಯಮಗಳ ಪ್ರಕಾರ ಅಷ್ಟರೊಳಗಿನ ಅಳತೆಯ, 20 ಜೌಲ್ ಮೀರದ ಶಕ್ತಿಯ ಏರ್ ಗನ್‌ಗೆ ಪರವಾನಗಿ ಬೇಕಿಲ್ಲ. 2008ರಲ್ಲಿ ಬೀಜಿಂಗ್‌ನಲ್ಲಿ ಅಭಿನವ್ ಬಿಂದ್ರಾ ಚಿನ್ನ ಗೆದ್ದದ್ದು ಈ ಅಳತೆಯ ಏರ್ ರೈಫಲ್‌ನಲ್ಲೇ, 10 ಮೀಟರ್ ದೂರದಲ್ಲಿ. ಹಿಡಿಯ ಉದ್ದ, ಕೆನ್ನೆಯ ಎತ್ತರ, ಒಗ್ಗುವ ಪೆಲೆಟ್‌ನ ಹುಡುಕಾಟ, ಟ್ರಿಗರು, ಇವುಗಳ ಬಗ್ಗೆ ಮೇಲೆ ಹೇಳಿದ್ದೆಲ್ಲ ಅದಕ್ಕೂ ಸಲ್ಲುತ್ತದೆ. ಒಳ್ಳೆಯ ಕ್ಲಬ್ಬಿನ ರೈಫಲ್‌ನಲ್ಲಿ ಆರು ತಿಂಗಳು ಹೊಡೆದು, ತಮ್ಮ ಮೈಯಳತೆ ತಿಳಿದ ಮೇಲೆ ಕೊಳ್ಳುವುದು ಒಳ್ಳೆಯದು.

ಕೊನೆಯದಾಗಿ ಸ್ಪರ್ಧೆಗಳನ್ನು ನಡೆಸುವ ಸಂಘಗಳಿಗೂ ಯುವಕ ಮಂಡಲಗಳಿಗೂ ನನ್ನ ಮೂರು ಕೋರಿಕೆಗಳಿವೆ. ತೆರೆದ ಸೈಟಿನವರಿಗೂ ದುರ್ಬೀನಿನವರಿಗೂ ಪಾಯಿಂಟ್ ಟೂಟೂ ವಿಭಾಗದಲ್ಲಿ ಪ್ರತ್ಯೇಕ ಬಹುಮಾನ ಇಡಿ. ಈಗ ಇಬ್ಬರನ್ನೂ ಒಂದೇ ಸಾಲಿನಲ್ಲಿ ನಿಲ್ಲಿಸುತ್ತಿರುವುದರಿಂದಲೇ ಬಡ ಹುಡುಗನೂ ಸಾಲ ಮಾಡಿ ಗಾಜು ಕೊಳ್ಳುವಂತಾಗಿದೆ. ಗುರಿಯ ದೂರವನ್ನು ಪ್ರಕಟಣೆಯಲ್ಲೇ ಮೀಟರ್ ಲೆಕ್ಕದಲ್ಲಿ ಮುದ್ರಿಸಿ. 50 ಮೀಟರಿಗೆ ಹೊಂದಿಸಿದ ಸೈಟು 100 ಮೀಟರಿನಲ್ಲಿ ಒಂದು ಗೇಣಿನಷ್ಟು ಕೆಳಗೆ ಹೊಡೆಯುವ ಕೋವಿಯಿದು, ಊಹೆಯ ಮೇಲೆ ಹೊಂದಿಸಲಾಗುವುದಿಲ್ಲ. ಮೂರನೆಯದು ಎಲ್ಲಕ್ಕಿಂತ ಮುಖ್ಯ. ಕಾಯಿಯ ಹಿಂದೆ ಗಟ್ಟಿ ಮಣ್ಣಿನ ದಿಬ್ಬ ಇರಲೇಬೇಕು, ಮರದ ತುದಿಗೆ ಕಟ್ಟಿದ ಕಾಯಿಗೆ ಈ ಕೋವಿಯಿಂದ ಮೇಲ್ಮುಖವಾಗಿ ಹೊಡೆಯುವುದನ್ನು ನಿಲ್ಲಿಸಬೇಕು. ಗುಂಡು ಚಿಕ್ಕದಾದರೂ ಒಂದೂವರೆ ಕಿಲೋಮೀಟರ್ ದೂರ ಹಾರಬಲ್ಲದು. ಅಷ್ಟು ದೂರದೊಳಗೆ ನಮ್ಮಲ್ಲಿ ಯಾರದಾದರೂ ತೋಟದ ಕೆಲಸಗಾರರ ಲೈನ್‌ಮನೆ, ಗದ್ದೆ, ಶಾಲೆ ಇದ್ದೇ ಇರುತ್ತದೆ.

ಆಗಸ್ಟ್ ತಿಂಗಳ ಕೊನೆಯ ಭಾನುವಾರ, ಮಳೆ ಬಿಟ್ಟರೆ, ಪ್ರತಿ ಊರಿನ ಮೈದಾನವನ್ನು ಬೆಳಿಗ್ಗೆ ಏಳರಿಂದ ಹತ್ತರವರೆಗೆ ಸೈಟು ಹೊಂದಿಸಿಕೊಳ್ಳುವವರಿಗಾಗಿ ಪೊಲೀಸರಿಗೆ ಮುಂಚಿತವಾಗಿ ತಿಳಿಸಿ ತೆರೆದಿಡುವಂತಾದರೆ ಬಹಳ ಉಪಕಾರವಾಗುತ್ತದೆ. ಮರಳಿನ ಚೀಲಗಳನ್ನೂ ಗುರಿಯ ಕಾಗದಗಳನ್ನೂ ನಮ್ಮ ಊರಿನ ಮಟ್ಟಿಗೆ ನಾನು ಒದಗಿಸುತ್ತೇನೆ. ಕಿವಿಗೆ ಹತ್ತಿಯಲ್ಲ, ಸರಿಯಾದ ಬಿರಡೆಯನ್ನೇ ಅವರವರು ತರಬೇಕು.

ಇತಿ ತಮ್ಮ ವಿಶ್ವಾಸಿ,
ಒಬ್ಬ ಕಾಫಿ ಬೆಳೆಗಾರ,
ವಿರಾಜಪೇಟೆ ತಾಲ್ಲೂಕು, ಕೊಡಗು